ಒಲೆಗೆ ನಷ್ಟ, ಬಸ್ಸಿಗೆ ಲಾಭ ಎಂದ ಲೆಕ್ಕಯಂತ್ರಕ್ಕೆ

ಮಾನ್ಯ ಲೆಕ್ಕಯಂತ್ರದವರೇ,

ಕೊರೊನೆಲ್ ಬೊಗಾದೊ ಊರಿನ ಬಸ್ಸುಗಳಲ್ಲಿ ಬುಟ್ಟಿ ಹೊತ್ತು ಚಿಪಾ ರೊಟ್ಟಿ ಮಾರುವ ಹನ್ನೊಂದು ಹೆಂಗಸರ ಪರವಾಗಿ, ಅವರಲ್ಲಿ ಕಿರಿಯಳೂ ಕರಪತ್ರಗಳನ್ನು ಕೊನೆಯ ಸಾಲಿನವರೆಗೆ ಓದುವ ಒಬ್ಬಳೇ ಒಬ್ಬಳೂ ಆದ ನಾನು ತಮಗೆ ಬಿಸಿಬಿಸಿ ವಂದನೆಗಳನ್ನು ಅರ್ಪಿಸುತ್ತೇನೆ. ತಾವು ನಮ್ಮ ಯಜಮಾನರಾದ ದೋನ್ ಅದಾಲ್ಬೆರ್ತೊ ಅವರ ಮೇಜನ್ನೇರಿ ಮೂರು ತಿಂಗಳಾಯಿತು. "ಯಾವ ಜಾಗದಲ್ಲಿ ಎಷ್ಟು ಬಂತು, ಯಾವ ಜಾಗದಲ್ಲಿ ಎಷ್ಟು ಹೋಯ್ತು, ಎಲ್ಲಾ ಇದೇ ಹೇಳುತ್ತೆ ಕಣ್ರಮ್ಮಾ" ಎಂದು ಅವರು ತಮ್ಮನ್ನು ಪರಿಚಯಿಸಿದಾಗ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಲೆಕ್ಕ ಬಯಲಿಗೆ ಬಂದರೆ ದುಡಿಯುವವರಿಗೆ ನ್ಯಾಯ ಸಿಗುತ್ತದೆಂದು ಕರಪತ್ರದಲ್ಲಿ ಓದಿದ್ದೆ.

ಪ್ರತಿ ವ್ಯಾಪಾರಕ್ಕೂ ತಾವು ಒಂದು ಜಾಗ ಕೇಳಿದಿರಿ. ಆದರೆ ಚಿಪಾ ಗಿರಾಕಿಯ ಕೈ ಸೇರುವುದು ನಮ್ಮೂರ ಪೆಟ್ರೋಲ್ ಬಂಕಿನ ಮುಂದೆ, ಅವನು ಜೇಬೆಲ್ಲ ತಡಕಿ ಹತ್ತು ಸಾವಿರ ಗ್ವಾರಾನಿಯ ನೋಟು ಕೊಡುವುದು ಕಾರ್ಮೆನ್ ದೆಲ್ ಪಾರಾನಾದ ತಿರುವಿನಲ್ಲಿ, ನಾನು ಚಿಲ್ಲರೆ ಹುಡುಕಿ ಕೊಡುವಷ್ಟರಲ್ಲಿ ಬಸ್ಸು ಮುಂದಿನ ಸೇತುವೆ ದಾಟಿರುತ್ತದೆ. "ಸ್ವಲ್ಪ ನಿಲ್ಸಣ್ಣ, ಜಾಗ ಬರ್ಕೋಬೇಕು" ಎಂದರೆ ಚಾಲಕ, "ನಿನ್ ಪುಸ್ತಕದಲ್ಲೇ ಬಸ್ ನಿಲ್ಸ್ಕೊ ತಾಯಿ, ನಾನ್ ಎನ್ಕಾರ್ನಾಸಿಯೋನ್ ಸೇರ್ಬೇಕು" ಎಂದ. ಕೊನೆಗೆ ಬಂದ ಹಣವನ್ನೆಲ್ಲ 'ಹೆದ್ದಾರಿ' ಎಂಬ ಒಂದೇ ಜಾಗಕ್ಕೆ ಬರೆದೆವು. ಮರಗೆಣಸಿನ ಹಿಟ್ಟು, ಚೀಸು, ಮೊಟ್ಟೆ, ಸೋಂಪು, ಸೌದೆ ಬಂದಿಳಿಯುವುದು ಒಲೆಮನೆಯಲ್ಲಿ. ಖರ್ಚನ್ನೆಲ್ಲ ಅಲ್ಲಿಗೆ ಬರೆದೆವು. ತಾವು ಎರಡನ್ನೂ ನೋಡಿ ತೀರ್ಪು ಕೊಟ್ಟಿರಿ: ಹೆದ್ದಾರಿ ಅಪ್ಪಟ ಲಾಭ, ಒಲೆಮನೆ ಒಂದು ಗ್ವಾರಾನಿಯನ್ನೂ ದುಡಿದಿಲ್ಲ, ಮುಚ್ಚುವುದೇ ಲೇಸು.

ಯಜಮಾನರು ಸೋಮವಾರ ಮುಚ್ಚುತ್ತಾರಂತೆ. "ಖರ್ಚು ನಿಲ್ಲುತ್ತೆ, ಆದಾಯ ಹಂಗೇ ಇರುತ್ತೆ" ಎಂದು ಹಿಗ್ಗಿ ಓಡಾಡುತ್ತಿದ್ದಾರೆ.

ಒಲೆಮನೆಯೆಂದರೆ ತಮಗೆ ಒಂದು ಸಾಲು, ನಮಗೆ ನ್ಯಾ ಸಿನ್ಫೊರೋಸಾ. ಮೂವತ್ತೊಂದು ವರ್ಷದಿಂದ ಮಣ್ಣಿನ ಗೂಡೊಲೆ ಕಾಯಿಸುತ್ತಾ, ಒಳಗೆಸೆದ ಬಾಳೆಲೆಯ ಚೂರು ಮುದುಡುವುದನ್ನು ನೋಡಿಯೇ ಶಾಖ ಅಳೆಯುವ ಹೆಂಗಸು. ತಮ್ಮ ವರದಿಯನ್ನು ಅವಳಿಗೆ ಓದಿ ಹೇಳಿದೆ. "ಅಲ್ವೇ ಹುಡುಗಿ, ನಾನ್ ಬೇಯ್ಸಿದ್ದೆಲ್ಲ ನಷ್ಟ ಅಂದ್ರೆ, ನೀವು ಬಸ್ಸಲ್ಲಿ ಇಷ್ಟ್ ದಿನ ಏನ್ ಮಾರ್ತಿದ್ರಿ, ಗಾಳೀನಾ?" ಎಂದು ನಕ್ಕಳು. ನಕ್ಕ ಮೇಲೆ ಕೈಯಲ್ಲಿದ್ದ ಉದ್ದನೆಯ ಮರದ ಸಟ್ಟುಗವನ್ನು, ಅದು ಚೊಕ್ಕಟವಾಗಿಯೇ ಇದ್ದರೂ, ಎರಡು ಸಲ ಒರೆಸಿದಳು.

ಖರ್ಚಿಲ್ಲದ ಆದಾಯವನ್ನು ಕಂಡುಹಿಡಿದ ತಮ್ಮ ಪ್ರತಿಭೆ ಇಷ್ಟಕ್ಕೇ ನಿಲ್ಲಬಾರದು. ಹಸುವಿನ ಮೇವಿನ ಖರ್ಚು ಬಾಯಿಯ ಜಾಗದಲ್ಲಿ, ಹಾಲಿನ ಆದಾಯ ಕೆಚ್ಚಲಿನ ಜಾಗದಲ್ಲಿ; ಆದ್ದರಿಂದ ದೇಶದ ಹಸುಗಳ ಬಾಯಿಗಳನ್ನೆಲ್ಲ ತಕ್ಷಣ ಹೊಲಿಸಬೇಕೆಂದು ಕೋರುತ್ತೇನೆ. ಅಲ್ಲಿಯವರೆಗೆ ತಾವೂ ಒಂದು ದಿನ ಬುಟ್ಟಿ ಹೊತ್ತು ನಮ್ಮೊಡನೆ ಬಸ್ಸು ಹತ್ತಿ, ಹಸಿದವರ ಮುಂದೆ ಲಾಭವನ್ನು ಬಿಸಿಬಿಸಿಯಾಗಿ ಹಂಚಬೇಕು. ಇದು ಕಷ್ಟವೆನಿಸಿದರೆ ಸುಲಭದ್ದೊಂದಿದೆ: ಬುಟ್ಟಿ ಒಲೆಮನೆಯ ಬಾಗಿಲು ದಾಟುವಾಗ ಅದರ ಬೆಲೆಯನ್ನು ಒಲೆಮನೆಯ ದುಡಿಮೆಯೆಂದು ಬರೆಯಿರಿ. ಒಂದೇ ಸಾಲು. ಆ ಸಾಲು ಬಾರದಿದ್ದರೆ ಸೋಮವಾರ ಮೊದಲ ಬಸ್ಸಿಗೆ ಹನ್ನೊಂದು ಮಂದಿಯೂ ಖಾಲಿ ಬುಟ್ಟಿಗಳೊಂದಿಗೆ ಹತ್ತಿ, 'ಚಿಪಾ' ಎಂದು ಕೂಗುವ ಬದಲು ತಮ್ಮ ಹೆಸರನ್ನೇ ಕೂಗುತ್ತೇವೆ.

ಸೋಮವಾರದವರೆಗೆ ತಮ್ಮ ವಿಶ್ವಾಸಿ,
ಗ್ರಿಸೆಲ್ದಾ ಒಹೆದಾ
ಏಳನೆಯ ಬುಟ್ಟಿ

ವಿ.ಸೂ.: ಯಜಮಾನರು ದಿನಾ ಬೆಳಿಗ್ಗೆ ಒಲೆಯ ಬಾಯಿಯಿಂದಲೇ ಮೂರು ಚಿಪಾ ತೆಗೆದು ತಿನ್ನುತ್ತಾರೆ, ದುಡ್ಡು ಕೊಡುವುದಿಲ್ಲ, ಅದೂ ಒಲೆಮನೆಯ ನಷ್ಟದಲ್ಲೇ ಸೇರಿದೆ. ಸೋಮವಾರದಿಂದ ಅವರ ತಿಂಡಿ ಲಾಭದ ಜಾಗದಿಂದಲೇ ಬರುತ್ತದೆ: ಬುಟ್ಟಿ, ಅದರ ಮೇಲೆ ಬಿಳಿ ಬಟ್ಟೆ, ಬಟ್ಟೆಯಡಿ ತಮ್ಮ ವರದಿ. ಆಗಷ್ಟೇ ಮುದ್ರಿಸಿದ್ದು, ಬಿಸಿಯಾಗಿಯೇ ಇರುತ್ತದೆ.