ಸೂರ್ಯನ ಭರವಸೆಯಲ್ಲಿ ಅತ್ತೆಯ ಇನ್ಸುಲಿನ್

ಇನ್ನು ಮುಂದೆ ನಮ್ಮ ವ್ಯಾನಿಗೆ ಕರೆಂಟು ಕೊಡುವವನು ಸಾಕ್ಷಾತ್ ಸೂರ್ಯ ಎಂದು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ! ಹಳೆಯ ವ್ಯಾನೊಂದನ್ನು ಕೊಂಡು, ಒಳಗೆ ಮಂಚ, ಒಲೆ, ಪುಟಾಣಿ ಫ್ರಿಜ್ಜು ಕೂರಿಸಿ, ಅದಕ್ಕೆ ಚಲಿಸುವ ಅರಮನೆ ಎಂದು ಹೆಸರಿಟ್ಟವನು ನಾನು. ಈಗ ಅದರ ಮುದಿ ಬ್ಯಾಟರಿ ಕಿತ್ತು ಹೊಸ ಲಿಥಿಯಂ ಬ್ಯಾಟರಿ ಹಾಕುವುದು, ನೆತ್ತಿಯ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸುವುದು, ಕರೆಂಟು ಕಂಬವೇ ಇಲ್ಲದ ಕೆರೆ ದಂಡೆಯಲ್ಲಿ ರಾಜನಂತೆ ಮೆರೆಯುವುದು!

“ಎಲೆಕ್ಟ್ರಿಷಿಯನ್‌ನ ಕರೀರಿ,” ಎಂದಳು ಹೆಂಡತಿ.

“ಯಾಕೆ? ನನ್ನ ಕೈಗೇನಾಗಿದೆ?”

“ನಿಮ್ಮ ಕೈಗೇನೂ ಆಗಿಲ್ಲ. ನೀವು ರಿಪೇರಿ ಮಾಡಿದ ಮಿಕ್ಸಿಗೆ ಏನಾಯ್ತು, ನೆನಪಿದೆಯಾ?”

ನೆನಪಿತ್ತು. ಆದರೆ ವೀರರು ಹಿಂದೆ ತಿರುಗಿ ನೋಡುವುದಿಲ್ಲ. ವಾರವಿಡೀ ವ್ಯಾನಿನ ಹೊಟ್ಟೆಯೊಳಗೆ ತೂರಿ, ಮೊಣಕೈ ತರಚಿಕೊಂಡು, ಕೊನೆಗೂ ದೀಪ ಹೊತ್ತಿಸಿದೆ! ಆ ಹುರುಪಿನಲ್ಲೇ ಎಂಜಿನ್ನಿನಿಂದ ಬ್ಯಾಟರಿಗೆ ಚಾರ್ಜ್ ತರುತ್ತಿದ್ದ ದಪ್ಪ ವೈರನ್ನೂ ಕತ್ತರಿಸಿ ಬಿಸಾಡಿದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ?

ಪ್ರವಾಸಕ್ಕೆ ಅತ್ತೆಯೂ ಹೊರಟರು. ಅವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಸದಾ ತಂಪಾಗಿರಬೇಕು. “ಆ ಜವಾಬ್ದಾರಿ ನನಗೆ ಬಿಡಿ ಅತ್ತೆ! ನಮ್ಮ ಫ್ರಿಜ್ಜಿಗೆ ಸೂರ್ಯನೇ ಕಾವಲು!” ಎಂದೆ. ಅತ್ತೆ ನನ್ನನ್ನೊಮ್ಮೆ, ವ್ಯಾನನ್ನೊಮ್ಮೆ ನೋಡಿದರು. ಬ್ಯಾಗಿಗೆ ಕೈ ಹಾಕಿ, ನೀಲಿ ಡಬ್ಬಿಯೊಂದನ್ನು ತೆಗೆದು ಕೊಟ್ಟರು. ಅದನ್ನು ಎರಡೂ ಕೈಯಲ್ಲಿ ಹಿಡಿದು ಫ್ರಿಜ್ಜಿನೊಳಗೆ ಇಟ್ಟೆ.

ಹೊರಡುವಾಗ ಹೆಂಡತಿಯದು ಒಂದೇ ರಾಗ. “ರೀ, ನಾನು ಹೊಲಿದಿದ್ದ ಹೊಸ ಸೋಫಾ ಕವರ್ ಕಾಣ್ತಿಲ್ಲ.”

“ರಿಮೋಟಿಗೆ ಕವರು, ಮಿಕ್ಸಿಗೆ ಕವರು, ಕವರಿಗೂ ಒಂದು ಕವರು! ಒಂದು ಕಳೆದರೆ ಪ್ರಪಂಚ ಮುಳುಗುತ್ತಾ? ಹತ್ತು ಗಾಡಿ!”

ಮಾರನೆಯ ದಿನ ಕೆರೆ ದಂಡೆ ಸೇರಿದೆವು. ಹಿಂದಿನ ಊರು ಅರ್ಧ ದಿನದ ದಾರಿ. ನಡು ಮಧ್ಯಾಹ್ನ, ಬಂಡೆಯ ಮೇಲೆ ಬರಿಗಾಲಿಡುವಂತಿಲ್ಲ, ಅಂಥ ಬಿಸಿಲು! ಹೆಮ್ಮೆಯಿಂದ ಮೀಟರು ನೋಡಿದೆ. ಹೊರಡುವಾಗ ತುಂಬಿದ್ದ ಬ್ಯಾಟರಿ ಕಾಲು ಭಾಗಕ್ಕೆ ಇಳಿದಿತ್ತು. ಸೋಲಾರಿನಿಂದ ಬರುತ್ತಿದ್ದದ್ದು ಸೊನ್ನೆ!

ಹೀಗೇ ಆದರೆ ಸಂಜೆಯೊಳಗೆ ಫ್ರಿಜ್ಜು ನಿಂತೇ ಹೋಗುತ್ತದೆ! ಫ್ಯಾನು ಆರಿಸಿದೆ. ದೀಪ ಆರಿಸಿದೆ. ಹೆಂಡತಿಯ ಫೋನಿನ ಚಾರ್ಜರ್ ಕಿತ್ತೆ. ಮೂತಿ ಸೂರ್ಯನ ಕಡೆ ಇರಲಿ ಎಂದು ವ್ಯಾನನ್ನೇ ತಿರುಗಿಸಿದೆ. ಮೀಟರು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

“ಏನಾಯ್ತು ಅಳಿಯಂದ್ರೇ?” ಮರದ ನೆರಳಿನಿಂದ ಅತ್ತೆ ಕೇಳಿದರು.

“ಏನಿಲ್ಲ ಅತ್ತೆ! ಸಣ್ಣ ತಪಾಸಣೆ!” ಎಂದೆ. ಔಷಧಿ ಕೆಟ್ಟರೆ ಈ ಮುದುಕಿಯ ಗತಿಯೇನು? ನಿಜಕ್ಕೂ ಹೆದರಿಕೆಯಾಯಿತು. ಮೀಸೆ ತಿರುವಿಕೊಂಡು ಮಾತು ಕೊಟ್ಟವನು ನಾನು.

ಹೆಂಡತಿ ಪಿಸುಗುಟ್ಟಿದಳು. “ಎಂಜಿನ್ ಸ್ಟಾರ್ಟ್ ಮಾಡಿ ಚಾರ್ಜ್ ಮಾಡ್ರಿ.”

“ಆ ವೈರ್ ಇಲ್ಲ.”

“ಎಲ್ಲಿ ಹೋಯ್ತು?”

“ಕತ್ತರಿಸಿದೆ.”

“ಯಾರು ಹೇಳಿದ್ರು?”

“ನನ್ನ ಆತ್ಮವಿಶ್ವಾಸ!”

ಅವಳು ಹಣೆ ಚಚ್ಚಿಕೊಂಡಳು. ನಾನು ವ್ಯಾನಿನಡಿ ಬೆನ್ನು ಹಚ್ಚಿ ಮಲಗಿ ಒಂದೊಂದೇ ಸ್ಕ್ರೂ ಬಿಚ್ಚಿ ಮತ್ತೆ ಬಿಗಿದೆ. ನಡುವೆ ಎದ್ದು ಬಂದು, ಫ್ರಿಜ್ಜಿನ ಬಾಗಿಲಿಗೆ ಒದ್ದೆ ಟವೆಲ್ ಹೊದಿಸಿ, ರಟ್ಟಿನಿಂದ ಗಾಳಿ ಬೀಸಿದೆ. ಜ್ವರ ಬಂದ ಮಗುವಿಗೂ ಇಷ್ಟು ಆರೈಕೆ ಮಾಡಿರಲಿಲ್ಲ!

“ಮೇಲೆ ಹತ್ತಿ ನೋಡಿದ್ರಾ?” ಹೆಂಡತಿ ಕೇಳಿದಳು.

“ಮೇಲೆ ಕೆಡೋದಕ್ಕೇನಿದೆ? ಬರೀ ಗಾಜು! ದೋಷ ಏನಿದ್ರೂ ಕೆಳಗೇ!”

ಅವಳು ಸೆರಗು ಸಿಕ್ಕಿಸಿ ಏಣಿ ಹತ್ತಿದಳು. ಆಮೇಲೆ ಕೆರೆಯ ಹಕ್ಕಿಗಳೆಲ್ಲ ಹಾರಿಹೋಗುವಂಥ ಕೂಗು.

“ರೀ! ನನ್ನ ಸೋಫಾ ಕವರ್ ಸಿಕ್ತು!”

ಆಗ ನೆನಪಾಯಿತು! ಹೊರಡುವ ಹಿಂದಿನ ಸಂಜೆ ಕಾಗೆಯೊಂದು ನನ್ನ ಹೊಚ್ಚಹೊಸ ಪ್ಯಾನೆಲ್ ಮೇಲೆ ಗಲೀಜು ಮಾಡಿತ್ತು. ಕರುಳು ಚುರುಕ್ ಎಂದಿತು. ಒರೆಸಿ, ಕೈಗೆ ಸಿಕ್ಕ ಬಟ್ಟೆಯನ್ನು ಹೊದಿಸಿದ್ದೆ, ಬೆಳಿಗ್ಗೆ ತೆಗೆದರಾಯಿತು ಎಂದು. ಕವರುಗಳ ಬಗ್ಗೆ ಭಾಷಣ ಬಿಗಿದ ಮಹಾನುಭಾವ ಸೂರ್ಯನಿಗೇ ಮುಸುಕು ಹಾಕಿದ್ದ!

“ಎಲಾಸ್ಟಿಕ್ ನೋಡಿ, ಇಷ್ಟು ದೂರ ಬಂದ್ರೂ ಒಂದಿಂಚು ಕದಲಿಲ್ಲ,” ಎಂದು ಅವಳು ಮೇಲಿನಿಂದಲೇ ತನ್ನ ಹೊಲಿಗೆಯನ್ನು ಹೊಗಳಿಕೊಂಡಳು.

ಕವರು ಸರಿದದ್ದೇ ಮೀಟರು ಜಿಗಿಯಿತು. ಫ್ರಿಜ್ಜು ಗುರ್ ಎಂದಿತು. ಓಡಿಹೋಗಿ ನೀಲಿ ಡಬ್ಬಿ ತಂದು ಅತ್ತೆಯ ಮುಂದೆ ಹಿಡಿದೆ. “ಕ್ಷಮಿಸಿ ಅತ್ತೆ, ಔಷಧಿ ಸರಿಯಾಗಿದೆಯಾ ನೋಡಿಬಿಡಿ!” ನಾನೇ ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ.

“ಅಯ್ಯೋ! ಔಷಧಿ ಎಲ್ಲಿ?”

ಅತ್ತೆ ಮಡಿಲಲ್ಲಿದ್ದ ಬ್ಯಾಗಿನಿಂದ ತಣ್ಣನೆಯ ಫ್ಲಾಸ್ಕೊಂದನ್ನು ಮೆಲ್ಲಗೆ ಹೊರತೆಗೆದರು.

“ಗಾಬರಿಯಾಗ್ಬೇಡಿ, ಇಲ್ಲೇ ಇದೆ. ವೈರಿಂಗ್ ಯಾರು ಮಾಡಿದ್ದು ಅಂತ ಇವಳನ್ನ ಕೇಳ್ದೆ. ‘ನಮ್ಮೋರೇ’ ಅಂದ್ಲು. ಅವತ್ತೇ ಫ್ಲಾಸ್ಕ್ ತಗೊಂಡೆ.”

“ಹಾಗಾದ್ರೆ ಈ ಡಬ್ಬಿ?”

“ನೀವು ಅಷ್ಟು ಆಸೆಯಿಂದ ಕೈ ಚಾಚಿದ್ರಲ್ಲ, ಅಳಿಯಂದ್ರ ಮನಸ್ಸು ನೋಯಿಸ್ಬಾರ್ದು ಅಂತ ಖಾಲೀದು ಕೊಟ್ಟೆ!”