ತೊಗಟೆ ಅಗಿಯುವ ಸೋದರತ್ತೆ

ನಾನು ಡಿಗ್ರಿ ಮುಗಿಸುವುದು ಆಗದ ಮಾತು ಎಂದು ಬೆಳಗಾವಿಯ ಶಹಾಪುರದ ಮಗ್ಗಗಳ ಸದ್ದನ್ನೂ ಮೀರಿಸಿ ಸಾರಿದವರು ನಮ್ಮ ಸೋದರತ್ತೆ. ಸುಳ್ಳೇಕೆ, ಆಧಾರವಿತ್ತು. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೊಬ್ಬಳೇ. ಒಮ್ಮೆ ನಪಾಸಾದವಳೂ ನಾನೇ! ಕಡೆಗೆ ಉಳಿದದ್ದು ಸಸ್ಯಶಾಸ್ತ್ರದ ಪ್ರಾಜೆಕ್ಟ್: ಖಾನಾಪುರದ ಅಡವಿಯ ಮರಗಳು, ಅವುಗಳ ಬಳಕೆ. ಅದು ಕೈಕೊಟ್ಟರೆ ಡಿಗ್ರಿಯೂ ಹೋದಂತೆ.

ಮರ ಕಂಡರೆ ಅತ್ತೆಯ ಬಾಯಿ ಸುಮ್ಮನಿರದು. ಮಾತಿಗಲ್ಲ, ಅಗಿಯುವುದಕ್ಕೆ! ಕೆಳಗೆ ಬಿದ್ದ ತೊಗಟೆಯ ಚೂರು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ಹೆಸರು ಹೇಳಿಬಿಡುವರು. ಪುಣ್ಯಕ್ಕೆ ಪೀಠೋಪಕರಣ ಅಗಿಯುವುದಿಲ್ಲ. ರಾಮತೀರ್ಥ ನಗರದ ನೆಂಟರ ಹೊಸ ಮನೆಯಲ್ಲಿ ಯಜಮಾನರು, "ಇದು ಓಕ್ ಮರದ ಟೇಬಲ್ ರೀ, ಫಾರಿನ್ನಿಂದು" ಎಂದು ಎದೆಯುಬ್ಬಿಸಿದರು. ಅತ್ತೆ ಅಂಚಿಗೆ ಉಗುರು ಹಾಕಿದರು. ಓಕ್ ಮರ ಸುರುಳಿ ಸುತ್ತಿಕೊಂಡು ಎದ್ದು ಬಂತು.

"ಏನ್ ತೆಳ್ಳನ್ನ ಗಿಡಾರೀ ಇದು! ಕಾಗದದಂಗ ಐತಿ!"

ಆಮೇಲೆ ನಮಗೆ ಎರಡನೇ ಹೋಳಿಗೆ ಬರಲಿಲ್ಲ.

ಇಂಥವರು ಕರೆಯದೆಯೇ ನನ್ನ ಜೊತೆ ಖಾನಾಪುರದ ಬಸ್ಸು ಹತ್ತಿದರು. ಅಲ್ಲಿ ನಮ್ಮ ಸರ್, "ನೀವು ಯಾರ್ರಿ?" ಎಂದರು.

"ನಾ ಈಕಿ ಗೈಡ್ ರೀ," ಎಂದರು ಅತ್ತೆ.

"ಗೈಡ್ ನಾ ಅಲ್ರೀ?"

"ಇರ್ರಿ ನೀವೂ. ಯಾರ್ ಬ್ಯಾಡ ಅಂದಾರ?"

ಮಲಪ್ರಭೆಯ ದಂಡೆಯಲ್ಲಿ ಬೆಳ್ಳಗಿನ ನುಣುಪು ಕಾಂಡದ ಮರವೊಂದಿತ್ತು. ಅತ್ತೆ ಅಗಿದರು. "ನಂದಿ. ತೊಲಿ, ಕಂಬಕ್ಕ ಚಲೋ. ಬರ್ಕೋ."

ನಾನು ಎಲೆ ತಿರುವಿದೆ. ಅದರ ಬುಡದಲ್ಲಿ, ತೊಟ್ಟಿನ ಹತ್ತಿರ, ಸಾಸಿವೆಯಂಥ ಎರಡು ಗುಳ್ಳೆ. ನಂದಿಗೆ ಅವು ಇರುವುದಿಲ್ಲ.

"ಅಲ್ಲ ಅತ್ತಿ, ಇದು ಹೊಳಿಮತ್ತಿ. ಎದಿಬ್ಯಾನಿಗೆ ಇದರ ತೊಗಟಿ ಕಷಾಯ ಮಾಡ್ತಾರ."

"ಹುಟ್ಟಿದಾಗಿಂದ ಇದಕ್ಕ ನಂದಿ ಅಂತೀನಿ ನಾ!"

"ಹಂಗಾದ್ರ ಹುಟ್ಟಿದಾಗಿಂದ ತಪ್ಪ ಅಂತೀರಿ."

ಸರ್ ಬಾಯಿಗೆತ್ತಿದ ನೀರಿನ ಬಾಟಲಿ ಅಲ್ಲೇ ನಿಂತಿತು. ಅತ್ತೆಗೆ ಎದುರಾಡಿದವರು ನಮ್ಮಲ್ಲಿ ಯಾರಿದ್ದಾರೆ? ಮಾವನವರಂತೂ ತಾಳಿ ಕಟ್ಟಿದಾಗ ಬಗ್ಗಿಸಿದ ತಲೆಯನ್ನು ಇನ್ನೂ ಎತ್ತಿಲ್ಲ! ವಾಪಸು ಬರುವಾಗ ಅತ್ತೆ ಬೇರೆ ಸೀಟಿನಲ್ಲಿ ಕುಳಿತರು.

ಪ್ರಾಜೆಕ್ಟ್ ಪಾಸಾಯಿತು. ಪ್ರಮಾಣಪತ್ರ ಬಂದ ದಿನ ನೇರವಾಗಿ ಅತ್ತೆಯ ಮನೆಗೆ ಹೋಗಿ ಅವರ ಕೈಗೇ ಕೊಟ್ಟೆ, ಗತ್ತಿನಿಂದಲೇ. "ಆಗೂದಿಲ್ಲ ಅಂದಿದ್ರೆಲ್ಲ, ತಗೋರಿ!"

ಅವರು ಸೆರಗಿಗೆ ಕೈ ಒರೆಸಿಕೊಂಡು ಹಿಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಚಾಪೆಯ ಮೇಲೆ ಸರಿದು ನನಗೆ ಜಾಗ ಮಾಡಿದರು.

"ಬಾರವ್ವಾ, ಕುಂದರ. ನನಗ ತಪ್ಪ ಅನ್ನಾವ್ರು ಇಷ್ಟ ದಿನಾ ಒಬ್ಬರೂ ಸಿಗಲಿಲ್ಲ. ಇನ್ನ ಯಾವ್ಯಾವ ಗಿಡದ ಹೆಸರ ತಪ್ಪ ಹೇಳೇನಿ, ಒಂದೊಂದ ಹೇಳ್ಕೋತ ಹೋಗು."