ಭಾನುವಾರದ ಹಿಟ್ಟುತಿಗಣೆ

ಬೇವಿನೆಣ್ಣೆಯ ಬಾಟಲಿ ಹೊಸ ಸೋಫಾದ ಮೇಲೆ ಉರುಳಬಹುದಿತ್ತು. ಸ್ಪಿರಿಟ್ಟಿನ ಹತ್ತಿ ಕೈಯಲ್ಲಿರುವಾಗಲೇ ಪಕ್ಕದ ಮನೆಯಾಕೆ ಊದುಬತ್ತಿ ಹಿಡಿದು ಬಂದು, ನಾವಿಬ್ಬರೂ ಭಗ್ಗನೆ ಉರಿದು ಮಾರನೆಯ ದಿನದ ಪೇಪರಿನಲ್ಲಿ ಬರಬಹುದಿತ್ತು. ಸೋಪಿನ ನೀರಿನಲ್ಲಿ ಜಾರಿ ನನ್ನ ಸೊಂಟ ಮುರಿಯಬಹುದಿತ್ತು. ಹುಳಗಳು ಕುಂಡ ಬಿಟ್ಟು ಅಕ್ಕಿ ಡಬ್ಬಿಗೆ, ಅಲ್ಲಿಂದ ನನ್ನ ಹೊಟ್ಟೆಗೆ... ಬೇಡ ಬಿಡಿ. ಭಾನುವಾರ ಬೆಳಗ್ಗೆ ಕಣ್ಣು ಬಿಟ್ಟೊಡನೆ ನನ್ನ ತಲೆಯಲ್ಲಿ ಓಡುವ ಪಟ್ಟಿ ಇದು. ಏಕೆಂದರೆ ಅಂದು ಅಜ್ಜಂಪುರದಿಂದ ರೈಲು ಹತ್ತಿ ನಮ್ಮ ಭಾವ ಕಡೂರಿಗೆ ನನ್ನ ಗಿಡ ನೋಡಲು ಬರುತ್ತಾರೆ. ಅವರ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಭಾವನ ಕಣ್ಣಿಗೆ ಗಿಡವೆಂದರೆ ಹಸು!

ನಗಬೇಡಿ. ಆಯಸ್ಸಿಡೀ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ನಿವೃತ್ತರಾದ ಮೇಲೆ ಹಸು ಹಿಡಿಯಲು ಕೈಯಲ್ಲಿ ಬಲವಿರಲಿಲ್ಲ, ಕುಂಡ ಹಿಡಿದರು.

ನನ್ನದು ಕಿಟಕಿಯ ಬಳಿಯ ಒಂದೇ ಒಂದು ಕ್ರೋಟನ್. ಅದರ ಗೆಣ್ಣುಗಳಲ್ಲಿ ಹತ್ತಿ ಮೆತ್ತಿದಂಥ ಬಿಳಿ ಚುಕ್ಕೆಗಳು ಕಂಡಾಗ ಧೂಳೆಂದುಕೊಂಡೆ. ಧೂಳು ನಡೆಯತೊಡಗಿದಾಗ ಹೆದರಿದೆ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವನಿಗೆ ದೇವನೂರಿನ ಕಡೆ ತೆಂಗಿನ ತೋಟವಿದೆ. "ಇಷ್ಟಕ್ಕೆಲ್ಲ ಯಾಕ್ ಒದ್ದಾಡ್ತೀರಾ ಕಣ್ರೀ? ನಮ್ ತೋಟದ ಮಷೀನ್ ತತ್ತೀನಿ" ಎಂದ. ತಂದೂಬಿಟ್ಟ. ತೆಂಗಿನ ಸುಳಿಗೆ ಔಷಧಿ ಹೊಡೆಯುವ ಯಂತ್ರವನ್ನು ಹತ್ತಡಿಯ ನಡುಮನೆಯಲ್ಲಿ ಚಾಲೂ ಮಾಡಿದರೆ ಏನಾಗುತ್ತದೆ? ಕ್ಯಾಲೆಂಡರ್ ಹಾರಿತು, ಪರದೆ ತೊಯ್ದಿತು, ಕೊನೆಗೆ ಗಿಡದಲ್ಲಿ ಉಳಿದದ್ದು ಏಳೇ ಎಲೆ. ಗತಿಯಿಲ್ಲದೆ ಭಾವನಿಗೆ ಫೋನ್ ಮಾಡಿದೆ.

"ಬತ್ತೀನಿ. ಇನ್ನು ಯಾವನೂ ಅದನ್ನ ಮುಟ್ಬಾರ್ದು" ಎಂದರು.

ಬಂದವರು ನನ್ನ ಮುಖ ನೋಡಲಿಲ್ಲ. ಕುಂಡದ ಎದುರು ಕುಕ್ಕರುಗಾಲಿನಲ್ಲಿ ಕೂತು ಬೆನ್ನು ತಟ್ಟಿದರು. ಕುಂಡದ ಬೆನ್ನು! "ಹೋ... ಹೋ... ಏನಿಲ್ಲ, ಏನಿಲ್ಲ" ಎಂದು ಸಮಾಧಾನಪಡಿಸಿ, ಹಸುವಿನ ತುಟಿ ಬಿಡಿಸಿ ಹಲ್ಲು ನೋಡುವಂತೆ ಎಲೆಯನ್ನು ಮೆಲ್ಲಗೆ ಎತ್ತಿ ಭೂತಗನ್ನಡಿ ಹಿಡಿದರು.

"ಹುಳ ಒಂದೂ ಸತ್ತಿಲ್ಲ, ಎಲೆಗಳೆಲ್ಲ ಸತ್ತೋಗವೆ! ಭೇಷ್! ಇರುವೆ ಬತ್ತಾವೇನೋ?"

"ಬರ್ತವೆ ಭಾವ. ಒಳ್ಳೇದಲ್ವಾ? ಹುಳ ತಿಂತಾವೆ ಅಂತ ನಾನೇ ಬಿಟ್ಟಿದ್ದೆ."

"ತಿಂತಾವಾ? ಸಾಕ್ತಾವೆ ಕಣೋ! ಇದು ಹಿಟ್ಟುತಿಗಣೆ. ಇದರ ಮೈಯಿಂದ ಸಿಹಿ ರಸ ಬತ್ತದೆ. ನಾವು ಹಸು ಕರೆಯೋ ಹಂಗೆ ಇರುವೆ ಇದನ್ನ ಕರೀತದೆ. ನಿನ್ ಮನೇಲಿ ಡೈರಿ ನಡೀತಾ ಐತೆ, ನಿಂಗೇ ಗೊತ್ತಿಲ್ಲ!"

ಅಂದಿನಿಂದ ಚಿಕಿತ್ಸೆ ಶುರುವಾಯಿತು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದೇ ಹುಳವನ್ನು ಒರೆಸುವುದು. ಆಮೇಲೆ ಎಲೆಯ ಅಡಿಗೆ ಸೋಪಿನ ನೀರಲ್ಲಿ ಕಲಸಿದ ಬೇವಿನೆಣ್ಣೆ. ಮೊಟ್ಟೆಗಳು ಒಡೆದು ಮರಿ ಬರುತ್ತವಾದ್ದರಿಂದ ವಾರ ಬಿಟ್ಟು ಮತ್ತೆ ಅದೇ. ಪಕ್ಕದ ಮನೆಯಾಕೆಯ ಬಾಗಿಲ ತುಳಸಿಗೆ ಅಂಟಬಾರದೆಂದು ರೋಗಿಯನ್ನು ನನ್ನ ಮಲಗುವ ಕೋಣೆಗೆ ಸಾಗಿಸಿದರು. ಆ ಕೋಣೆಯಲ್ಲಿ ನನ್ನ ಜೊತೆ ಇನ್ನೊಂದು ಜೀವ ಮಲಗಿದ್ದು ಅದೇ ಮೊದಲು.

ಒಂದು ಭಾನುವಾರ ನನ್ನನ್ನು ತರೀಕೆರೆಗೂ ಎಳೆದುಕೊಂಡು ಹೋದರು. ಅಲ್ಲಿ ಅವರ ಹಳೆಯ ಪರಿಚಯದ, ಹೊಲಿಗೆ ಅಂಗಡಿಯ ಸಾಬರ ಮನೆಯಲ್ಲಿ ಮನಿಪ್ಲಾಂಟಿನ ಸುತ್ತ ಸಣ್ಣ ಕಪ್ಪು ನೊಣಗಳು. ಭಾವ ಮಣ್ಣಿಗೆ ಬೆರಳು ಚುಚ್ಚಿ, ಹೊರಗೆಳೆದು, ಮೂಸಿ, ಸಾಬರ ಹೆಂಡತಿಯ ಕಡೆ ತಿರುಗಿದರು.

"ದಿನಕ್ಕೆಷ್ಟು ಸಲ ನೀರಮ್ಮಾ?"

"ಮೂರು ಸಲ. ನಾವು ಚಾ ಕುಡಿಯೋವಾಗೆಲ್ಲ ಪಾಪ, ಅದಕ್ಕೂ ಒಂದು ಲೋಟ."

"ಕೆಸರಾಗೈತೆ, ಅದ್ರಾಗೇ ನೊಣ ಮರಿ ಮಾಡ್ತಾವೆ. ಮೇಲ್ಮಣ್ಣು ಒಣಗೋವರ್ಗೂ ಉಪವಾಸ!"

"ಅಯ್ಯೋ, ನಮ್ಮ ಉಪವಾಸ ಆದ್ರೆ ಸಂಜೆಗೆ ಬಿಡುತ್ತೆ. ಇದಕ್ಕೆ ಅದೂ ಇಲ್ವಾ?" ಎಂದು ಆಕೆ ಗಿಡದ ಪರವಾಗಿ ವಾದಕ್ಕೆ ನಿಂತರು. ಭಾವ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿ ಎರಡು ವರ್ಷವಾಗಿತ್ತು.

ಎರಡು ವರ್ಷ ಎಂದೆನಲ್ಲ, ಅಕ್ಕ ಹೋಗಿಯೂ ಅಷ್ಟೇ ಆಯಿತು. ಅಕ್ಕನೇ ಇಲ್ಲದ ಮೇಲೆ ಭಾವ-ಮೈದುನರು ಯಾವ ನೆಪದಲ್ಲಿ ಭೇಟಿಯಾಗಬೇಕು, ನೀವೇ ಹೇಳಿ? ಹಬ್ಬಕ್ಕೆ ಕರೆಯುತ್ತಿದ್ದವಳು ಅವಳು, ಬೈದು ಕೂರಿಸಿ ಬಡಿಸುತ್ತಿದ್ದವಳು ಅವಳು. ನನಗೆ ಮದುವೆಯಿಲ್ಲ, ಅವರಿಗೆ ಮಕ್ಕಳಿಲ್ಲ. "ಸುಮ್ಮನೆ ಬನ್ನಿ ಭಾವ" ಎನ್ನಲು ನನಗೆ ನಾಚಿಕೆ, ಸುಮ್ಮನೆ ಬರಲು ಅವರಿಗೆ ಸಂಕೋಚ. ಹುಳ ಬಿದ್ದಿದೆ ಎಂದರೆ ಮಾತ್ರ ಇಬ್ಬರಿಗೂ ಧೈರ್ಯ!

ಇಂಥ ಹೊತ್ತಿನಲ್ಲಿ ಆ ದ್ರೋಹಿ ಕ್ರೋಟನ್ ಚಿಗುರಿತು. ಮೂರು ಭಾನುವಾರ ಹುಡುಕಿದರೂ ಒಂದು ಹುಳವಿಲ್ಲ. ಭಾವ ಕೊನೆಯ ಸಲ ಬೆನ್ನು ತಟ್ಟಿ, "ಡಿಸ್ಚಾರ್ಜ್. ಹೊಸ ಗಿಡ ತಂದ್ರೆ ಹದಿನೈದು ದಿನ ದೂರ ಇಡು. ವಾರಕ್ಕೊಂದ್ಸಲ ಎಲೆ ಅಡಿ ನೋಡು. ಇನ್ನೇನೂ ಬ್ಯಾಡ" ಎಂದು ಭೂತಗನ್ನಡಿಯನ್ನು ಜೇಬಿಗಿಟ್ಟರು. ಬಾಗಿಲಲ್ಲಿ ಒಂದು ಕ್ಷಣ ನಿಂತರು. ನಾನೂ ನಿಂತೆ. ಹೋದರು.

ಮುಂದಿನ ಭಾನುವಾರ ಎರಡು ಲೋಟ ಕಾಫಿ ಮಾಡಿ ಎರಡನ್ನೂ ನಾನೇ ಕುಡಿದೆ. ಅದರ ಮುಂದಿನ ಭಾನುವಾರವೂ ಅಷ್ಟೇ. ವಾರಕ್ಕೊಂದು ಸಲ ನೋಡು ಎಂದಿದ್ದ ಎಲೆಯ ಅಡಿಯನ್ನು ದಿನಕ್ಕೆ ನಾಲ್ಕು ಸಲ ನೋಡಿದೆ. ಇಲ್ಲ, ಏನೂ ಇಲ್ಲ! ಮೂರನೆಯ ವಾರ ಟಿಫನ್ ಡಬ್ಬಿ ಹಿಡಿದು ಪಾರ್ಕಿಗೆ ಹೋದೆ. ಅಲ್ಲಿನ ದಾಸವಾಳದ ಕಡ್ಡಿಯೊಂದರಲ್ಲಿ ಹಿಟ್ಟುತಿಗಣೆ ಜಾತ್ರೆ ನೆರೆದಿತ್ತು. ಐವತ್ತು ದಾಟಿದ ಸರ್ಕಾರಿ ನೌಕರ, ಅತ್ತಿತ್ತ ನೋಡಿ ಹುಳ ಕದ್ದ! ಮನೆಗೆ ತಂದು ಪೊರಕೆ ಕಡ್ಡಿಯಲ್ಲಿ ಒಂದೊಂದನ್ನೇ ಕ್ರೋಟನ್ ಮೇಲೆ ಕೂರಿಸಿ ಫೋನ್ ಮಾಡಿದೆ. "ಭಾವ, ಹುಳ ಮತ್ತೆ ಬಂದವೆ."

ಭಾನುವಾರದವರೆಗೆ ಕಾಯಲಿಲ್ಲ, ಶನಿವಾರ ಮಧ್ಯಾಹ್ನದ ಗಾಡಿಗೇ ಬಂದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಲೇ, ಇವು ಗೆಣ್ಣಲ್ಲಿ ಅವಿತುಕೊಳ್ಳೋ ಪ್ರಾಣಿ. ಇಲ್ಲಿ ನೋಡಿದ್ರೆ ಎಲೆ ಮೇಲೆ ಸಾಲಾಗಿ ಕೂತವೆ, ಗ್ರೂಪ್ ಫೋಟೋಗೆ ಕೂರಿಸ್ದಂಗೆ."

ನಾನು ಪೊರಕೆ ಕಡ್ಡಿಯನ್ನು ಕಾಲಿನಿಂದ ಸೋಫಾದ ಕೆಳಗೆ ತಳ್ಳಿದೆ.

ಭಾವ ಗದರಲಿಲ್ಲ. ಹತ್ತಿಯನ್ನು ಕಡ್ಡಿಗೆ ನಿಧಾನವಾಗಿ ಸುತ್ತುತ್ತಾ, "ಈ ಜಾತಿ ಬೇಗ ವಾಸಿಯಾಗಲ್ಲ ಕಣೋ. ವರ್ಷಗಟ್ಲೆ ಹಿಡೀತದೆ" ಎಂದರು. ಆಮೇಲೆ, ಅಷ್ಟು ದಿನದಲ್ಲಿ ಮೊದಲ ಸಲ, "ನಿಮ್ಮಕ್ಕ ಇದ್ದಿದ್ರೆ ನಮ್ಮಿಬ್ರಿಗೂ ಪೊರಕೇಲೇ ಬಾರಿಸ್ತಿದ್ಲು" ಎಂದರು. ಇಬ್ಬರೂ ನಕ್ಕೆವು. ಅವಳ ಮಾತು ಶುರುವಾಯಿತು, ಅವಳ ಸಾರಿನ ಮಾತು, ಅವಳ ಸಿಟ್ಟಿನ ಮಾತು. ಎಣ್ಣೆ ಚೆಲ್ಲಲಿಲ್ಲ, ಸ್ಪಿರಿಟ್ ಹೊತ್ತಿಕೊಳ್ಳಲಿಲ್ಲ, ಯಾರೂ ಜಾರಲಿಲ್ಲ. ಅಂದು ಕೆಟ್ಟದ್ದು ಒಂದು ಸಣ್ಣ ಸಂಗತಿ ಮಾತ್ರ: ಅಜ್ಜಂಪುರದ ಸಂಜೆ ಗಾಡಿ ಕೂಗಿ ಹೊರಟದ್ದು ಇಬ್ಬರಿಗೂ ಕೇಳಿಸಿತು, ಇಬ್ಬರೂ ಏಳಲಿಲ್ಲ.